ಡೀಸೆಲ್ ಎಂಬ ಮಹನೀಯರು



ಡೀಸೆಲ್ ಅಂದ ಕೂಡಲೇ ನಮಗೆ ನೆನಪಾಗುವುದು ಬಂಕು, ಕ್ಯಾನು, ಟ್ರ್ಯಾಕ್ಟರು. ಆದರೆ ಅದು ಮೊದಲಿಗೆ ಒಬ್ಬ ಮನುಷ್ಯರ ಹೆಸರು. ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಅವರನ್ನು ನಾವು ನೆನೆಯುವುದಕ್ಕೆ ಕಾರಣವುಂಟು. ಓದುತ್ತಾ ಹೋದರೆ ತಾನೇ ತಿಳಿಯುತ್ತದೆ.

ರುಡಾಲ್ಫ್ ಡೀಸೆಲ್ ಅವರು ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆತಾಯಿ ಜರ್ಮನಿ ಕಡೆಯವರು. 1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಹತ್ತಿಕೊಂಡಾಗ ಮನೆಮಂದಿಯೆಲ್ಲಾ ಊರು ಬಿಟ್ಟು ಲಂಡನ್ನಿಗೆ ಹೋಗಬೇಕಾಯಿತು. ಹನ್ನೆರಡರ ಹುಡುಗನನ್ನು ಓದಿಗೆಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿದ್ದ ಬಂಧುಗಳ ಮನೆಗೆ ಕಳಿಸಿದರು. ಮುಂದೆ ಮ್ಯೂನಿಕ್ಕಿನಲ್ಲಿ ಎಂಜಿನಿಯರಿಂಗ್ ಓದಿ 1880ರಲ್ಲಿ ಪಾಸಾದರು. ಗುರುಗಳಾದ ಕಾರ್ಲ್ ಲಿಂಡೆ ಅವರ ಮಂಜುಗಡ್ಡೆ ಯಂತ್ರಗಳ ಕೆಲಸಕ್ಕೇ ಸೇರಿದರು.

ಆಗೆಲ್ಲಾ ಉಗಿಯಂತ್ರಗಳ ಕಾಲ. ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ಬಹುಪಾಲು ವ್ಯರ್ಥ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನಾವು ಕಂಡಿದ್ದೇವೆ. ಗಾಳಿಯನ್ನು ಬಹಳ ಜೋರಾಗಿ ಒತ್ತಿದರೆ, ಅದಕ್ಕೆ ಸಿಂಪಡಿಸಿದ ಎಣ್ಣೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಇದೇ ಅವರ ಎಂಜಿನ್ನಿನ ಗುಟ್ಟು. 1893ರಲ್ಲಿ ಪೇಟೆಂಟು ಸಿಕ್ಕಿತು. ಅದೇ ವರ್ಷದ ಮೊದಲ ಪರೀಕ್ಷೆಯಲ್ಲಿ ಸ್ಫೋಟವಾಗಿ ಕೂದಲೆಳೆಯಲ್ಲಿ ಪಾರಾದರು. ಎದೆಗುಂದದೆ 1897ರಲ್ಲಿ ಗೆದ್ದರು. ಶಾಖದಲ್ಲಿ ಕಾಲು ಪಾಲಿಗಿಂತ ಹೆಚ್ಚನ್ನು ಕೆಲಸಕ್ಕೆ ತಿರುಗಿಸುವ ಎಂಜಿನ್ನು ಸಿದ್ಧವಾಯಿತು.

ಇನ್ನು ನಮ್ಮ ಡ್ರೈವರುಗಳು ಸೋಜಿಗಪಡುವ ಒಂದು ವಿಷಯ. ಗೇರಿನ ಡೀಸೆಲ್ ಕಾರನ್ನೋ ಜೀಪನ್ನೋ ಮೊದಲನೇ ಗೇರಿಗೆ ಹಾಕಿ ಮೆಲ್ಲಗೆ ಕ್ಲಚ್ಚು ಬಿಟ್ಟರೆ ಸಾಕು, ಎಕ್ಸಲರೇಟರು ಮುಟ್ಟದಿದ್ದರೂ ಗಾಡಿ ತಾನಾಗಿ ಮುಂದೆ ಹೋಗುತ್ತದಲ್ಲ, ಯಾಕೆ? ಹಳೇ ಪೆಟ್ರೋಲ್ ಗಾಡಿಗಳಲ್ಲಿ ಕಾಲು ತೆಗೆದರೆ ಗಾಳಿಯ ಬಾಗಿಲೇ ಹೆಚ್ಚುಕಡಿಮೆ ಮುಚ್ಚುತ್ತಿತ್ತು. ಸ್ವಲ್ಪ ಹೊರೆ ಬಿದ್ದರೂ ಎಂಜಿನ್ನು ಆಫ್ ಆಗುತ್ತಿತ್ತು. ಡೀಸೆಲ್ ಎಂಜಿನ್ನಿಗೆ ಗಾಳಿ ಯಾವಾಗಲೂ ಧಾರಾಳ. ಶಕ್ತಿ ಎಷ್ಟು ಎಂಬುದನ್ನು ಎಣ್ಣೆಯ ಅಳತೆಯೇ ತೀರ್ಮಾನಿಸುತ್ತದೆ. ಆ ಅಳತೆ ನೋಡಿಕೊಳ್ಳಲು ಪಂಪಿನಲ್ಲಿ ಗವರ್ನರು ಇರುತ್ತದೆ. ಹೊರೆ ಬಿದ್ದು ಎಂಜಿನ್ನು ನಿಧಾನವಾದರೆ ಅದರ ತಿರುಗುವ ಗುಂಡುಗಳು ಒಳಕ್ಕೆ ಸರಿಯುತ್ತವೆ, ಸ್ಪ್ರಿಂಗು ತಳ್ಳುತ್ತದೆ, ಎಣ್ಣೆ ಹೆಚ್ಚುತ್ತದೆ. ವೇಗ ಏರಿದರೆ ಎಣ್ಣೆ ಇಳಿಯುತ್ತದೆ. ಹೊಸ ಕಾರುಗಳಲ್ಲಿ ಇದೇ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ. ಜೊತೆಗೆ ಮೊದಲನೇ ಗೇರು ಎಂಜಿನ್ನಿನ ತಿರುಗುಬಲವನ್ನು ಹಲವು ಪಟ್ಟು ಹೆಚ್ಚಿಸಿ ಚಕ್ರಕ್ಕೆ ಕೊಡುತ್ತದೆ.

ಗವರ್ನರು ಡೀಸೆಲ್ ಅವರು ಕಂಡುಹಿಡಿದದ್ದಲ್ಲ. ಅವರಿಗಿಂತ ನೂರು ವರ್ಷ ಮುಂಚೆಯೇ ಜೇಮ್ಸ್ ವಾಟ್ ಅವರು ಉಗಿಯಂತ್ರಕ್ಕೆ ಅದನ್ನು ಜೋಡಿಸಿದ್ದರು. ಕಡಿದಾದ ಏರಿನಲ್ಲಿ ಅದರ ಆಟವೂ ನಡೆಯುವುದಿಲ್ಲ, ಎಂಜಿನ್ನು ನಿಲ್ಲುತ್ತದೆ. ಒಂದು ಎಚ್ಚರಿಕೆ: ಗೇರಿನಲ್ಲಿ ಬಿಟ್ಟ ಟ್ರ್ಯಾಕ್ಟರನ್ನು ಕೆಳಗೆ ನಿಂತುಕೊಂಡು ಸ್ಟಾರ್ಟ್ ಮಾಡಬೇಡಿ. ಯಾರೂ ಎಕ್ಸಲರೇಟರು ಒತ್ತದಿದ್ದರೂ ಅದು ಮೈಮೇಲೆ ಬರುತ್ತದೆ. ನ್ಯೂಟ್ರಲ್ ನೋಡಿ, ಸೀಟಿನಲ್ಲಿ ಕೂತೇ ಕೀಲಿ ತಿರುಗಿಸಿ. ಮಕ್ಕಳ ಕೈಗಂತೂ ಕೀಲಿ ಕೊಡಲೇಬೇಡಿ.

ಡೀಸೆಲ್ ಅವರಿಗೆ ಯಂತ್ರದಷ್ಟೇ ಬಡವರ ಚಿಂತೆಯೂ ಇತ್ತು. ದೊಡ್ಡ ಕಾರ್ಖಾನೆಗಳ ಎದುರು ಸಣ್ಣ ಕಸುಬುದಾರರೂ ಬದುಕಲಿ ಎಂಬುದು ಅವರ ಆಸೆ. ಕೂಲಿಕಾರರು ಚೂರುಚೂರು ದುಡ್ಡನ್ನು ಒಂದು ನಿಧಿಗೆ ಕೂಡಿಸಿ ತಮ್ಮದೇ ಉದ್ಯಮ ನಡೆಸಬಹುದೆಂದು 1903ರಲ್ಲಿ ಪುಸ್ತಕವನ್ನೇ ಬರೆದರು. ಕೊಂಡವರು ಬಹಳ ಕಡಿಮೆ. ಅದಾದ ಎರಡೇ ವರ್ಷಕ್ಕೆ, 1905ರಲ್ಲಿ, ನಮ್ಮ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಇವರಿಗೆ ಅವರ ಪರಿಚಯವಿರಲಿಲ್ಲ, ಆದರೂ ದಾರಿ ಒಂದೇ.

ಕೀರ್ತಿ ಬಂದರೂ ಡೀಸೆಲ್ ಅವರ ಕೈಯಲ್ಲಿ ದುಡ್ಡು ನಿಲ್ಲಲಿಲ್ಲ. ಸಾಲ ಬೆಳೆಯಿತು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾದರು. ಸುಮಾರು ಹತ್ತು ದಿನದ ಮೇಲೆ ಸಮುದ್ರದಲ್ಲಿ ಶವ ಸಿಕ್ಕಿತು. ಹೇಗಾಯಿತೆಂಬುದು ಇಂದಿಗೂ ಬಗೆಹರಿದಿಲ್ಲ. ಆಗವರಿಗೆ 55 ವರ್ಷ.

ಹೊರೆ ಬಿದ್ದಾಗ ಸ್ವಲ್ಪ ಹೆಚ್ಚು ಕೊಡುವುದು, ಹಗುರಾದಾಗ ಹಿಂದಕ್ಕೆ ತೆಗೆದುಕೊಳ್ಳುವುದು ಗವರ್ನರಿನ ಧರ್ಮ. ಬಿತ್ತನೆಗೆ ಸಾಲ ಕೊಟ್ಟು ಸುಗ್ಗಿಗೆ ವಸೂಲು ಮಾಡುವ ಸಂಘದ ಧರ್ಮವೂ ಅದೇ. ಡೀಸೆಲ್ ಅವರಿಗೆ ಅಂಥ ಆಸರೆ ಇರಲಿಲ್ಲ, ನಮಗಿದೆ. ಪಡೆದ ಸಾಲವನ್ನು ಹೊತ್ತಿಗೆ ಸರಿಯಾಗಿ ತೀರಿಸಿ ಈ ಗಾಡಿ ನಿಲ್ಲದಂತೆ ನಾವೆಲ್ಲರೂ ನೋಡಿಕೊಳ್ಳೋಣ.