ಗಡಿಯಾರದ ಕಸುಬು ಕಲಿಯದ ರೋಲೆಕ್ಸ್ ಯಜಮಾನ

ವಾಣಿಜ್ಯ ವಿಭಾಗದ ನಮಗೆ ‘ಬ್ರ್ಯಾಂಡ್’ ಎಂಬ ಪದ ಪಾಠದಲ್ಲಿ ಬರುತ್ತದೆ. ಅದಕ್ಕೊಂದು ಉದಾಹರಣೆ ಹುಡುಕುತ್ತಿದ್ದಾಗ ನಾನು ಓದಿದ್ದು ರೋಲೆಕ್ಸ್ ಸ್ಥಾಪಕ ಹಾನ್ಸ್ ವಿಲ್ಸ್‌ಡಾರ್ಫ್ ಅವರ ಬದುಕನ್ನು. ಈ ಕಂಪನಿಯ ಹಳೆಯ ಚಿನ್ನದ ಸಬ್‌ಮರೀನರ್ ವಾಚಿಗೆ ಸಂಗ್ರಾಹಕರು ಲಕ್ಷಗಟ್ಟಲೆ ಹಣ ಕೊಡುತ್ತಾರೆ. ಸಮುದ್ರದೊಳಗೆ ಇಳಿಯುವವರಿಗೆ ಚಿನ್ನದ ವಾಚು ಏಕೆ ಎಂದು ಮೊದಲು ನನಗೆ ನಗು ಬಂತು. ಆದರೆ ಅದರ ಹಿಂದಿರುವ ಮನುಷ್ಯನ ಕಥೆ ನಗುವಂಥದ್ದಲ್ಲ.

ವಿಲ್ಸ್‌ಡಾರ್ಫ್ 1881ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಹುಟ್ಟಿದರು. ಹನ್ನೆರಡನೇ ವಯಸ್ಸಿಗೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಬಂಧುಗಳು ಮನೆತನದ ವ್ಯಾಪಾರವನ್ನು ಮಾರಿ ಹುಡುಗನನ್ನು ವಸತಿ ಶಾಲೆಗೆ ಸೇರಿಸಿದರು. ಅಲ್ಲಿ ಗಣಿತ ಮತ್ತು ಭಾಷೆಗಳು ಒಲಿದವು. 1900ರಲ್ಲಿ ಸ್ವಿಟ್ಜರ್ಲೆಂಡಿನ ಗಡಿಯಾರ ವ್ಯಾಪಾರಿಯೊಬ್ಬರ ಬಳಿ ಕೆಲಸ ಸಿಕ್ಕಿದ್ದು ಇಂಗ್ಲಿಷ್ ಪತ್ರ ಬರೆಯಬಲ್ಲರು ಎಂಬ ಕಾರಣಕ್ಕೆ. ಜೊತೆಗೆ ದಿನವೂ ನೂರಾರು ಜೇಬು ಗಡಿಯಾರಗಳಿಗೆ ಕೀ ಕೊಟ್ಟು, ಸಮಯ ಸರಿಯಿದೆಯೇ ಎಂದು ನೋಡಬೇಕಿತ್ತು.

1905ರಲ್ಲಿ ಲಂಡನ್ನಿನಲ್ಲಿ ಡೇವಿಸ್ ಎಂಬುವರ ಜೊತೆ ಸ್ವಂತ ವ್ಯಾಪಾರ ಶುರುವಾಯಿತು. ರೋಲೆಕ್ಸ್ ಎಂಬ ಹೆಸರು ಬಂದದ್ದು 1908ರಲ್ಲಿ. ಆಗ ಕೈಗಡಿಯಾರವೆಂದರೆ ಹೆಂಗಸರ ಒಡವೆ, ಅಷ್ಟು ಸಣ್ಣ ಯಂತ್ರ ಸರಿಯಾದ ಸಮಯ ತೋರಿಸದು ಎಂಬ ನಂಬಿಕೆಯಿತ್ತು. ವಿಲ್ಸ್‌ಡಾರ್ಫ್ ವಾದಕ್ಕೆ ಇಳಿಯಲಿಲ್ಲ. ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯಕ್ಕೆ ತಮ್ಮ ಪುಟ್ಟ ಗಡಿಯಾರವನ್ನು ಕಳಿಸಿದರು. 45 ದಿನಗಳ ಪರೀಕ್ಷೆ ಮುಗಿಸಿ 1914ರಲ್ಲಿ ಅದು ‘ಎ’ ದರ್ಜೆಯ ಪ್ರಮಾಣಪತ್ರ ಪಡೆಯಿತು. ಬ್ರಿಟನ್ನಿನ ತೆರಿಗೆಗಳು ಭಾರವಾದಾಗ ಅವರು ಜಿನೀವಾಕ್ಕೆ ಹೋದರು.

ಧೂಳು ಮತ್ತು ನೀರು ಇನ್ನೂ ಶತ್ರುಗಳಾಗಿಯೇ ಉಳಿದಿದ್ದವು. ಕೀ ಕೊಡುವ ಗುಂಡಿಯನ್ನು ತಿರುಪಿನಂತೆ ಬಿಗಿಯುವ ವಿಧಾನಕ್ಕೆ ಬೇರೆಯವರು ಪೇಟೆಂಟ್ ಪಡೆದಿದ್ದರು. ಇವರು ಆ ಹಕ್ಕನ್ನು ಕೊಂಡು, 1926ರಲ್ಲಿ ‘ಆಯ್‌ಸ್ಟರ್’, ಅಂದರೆ ಸಿಂಪಿ, ಎಂಬ ವಾಚು ತಂದರು. ಮರುವರ್ಷ ಅಕ್ಟೋಬರ್ 7ರಂದು ಮರ್ಸಿಡಿಸ್ ಗ್ಲೈಟ್ಸ್ ಎಂಬ ಯುವತಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ್ದರು. ಬೇರೊಬ್ಬಾಕೆ ಹೇಳಿದ ಸುಳ್ಳಿನಿಂದಾಗಿ ಜನ ಇವರನ್ನೂ ಅನುಮಾನಿಸಿದರು. ಪಾಪ, ಅದೇ ತಿಂಗಳ 21ರಂದು ಮತ್ತೆ ನೀರಿಗಿಳಿಯಬೇಕಾಯಿತು. ವಿಲ್ಸ್‌ಡಾರ್ಫ್ ಅವರಿಗೆ ಒಂದು ಆಯ್‌ಸ್ಟರ್ ಕೊಟ್ಟಿದ್ದರು. ಅದನ್ನು ಕೊರಳಿಗೆ ತೂಗುಹಾಕಿಕೊಂಡು ಹತ್ತು ಗಂಟೆಗೂ ಹೆಚ್ಚು ಈಜಿದರು. ಕೊರೆಯುವ ಚಳಿಯಿಂದ ದಡ ಮುಟ್ಟಲಾಗಲಿಲ್ಲ, ಆದರೆ ವಾಚು ನಡೆಯುತ್ತಲೇ ಇತ್ತು. ನವೆಂಬರಿನಲ್ಲಿ ಡೈಲಿ ಮೇಲ್ ಪತ್ರಿಕೆಯ ಮುಖಪುಟವನ್ನೇ ವಿಲ್ಸ್‌ಡಾರ್ಫ್ ಜಾಹೀರಾತಿಗೆ ಕೊಂಡರು. ಅಂಗಡಿಗಳ ಕಿಟಕಿಯಲ್ಲಿ ಮೀನಿನ ತೊಟ್ಟಿಯೊಳಗೆ ವಾಚು ಇಡಿಸಿದರು. ಇದು ಬರೀ ಜಾಣ ಪ್ರಚಾರವಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಹನಿ ನೀರು ಒಳಹೊಕ್ಕಿದ್ದರೂ ಎಲ್ಲರೆದುರು ಮಾನ ಹೋಗುತ್ತಿತ್ತು.

1953ರಲ್ಲಿ 100 ಮೀಟರ್ ಆಳ ತಡೆಯುವ ಸಬ್‌ಮರೀನರ್ ಬಂತು. 1960ರ ಜನವರಿಯಲ್ಲಿ ರೋಲೆಕ್ಸಿನ ಪ್ರಾಯೋಗಿಕ ವಾಚೊಂದು ಟ್ರಿಯೆಸ್ಟ್ ಎಂಬ ನೌಕೆಯ ಹೊರಮೈಗೆ ಅಂಟಿಕೊಂಡು ಮರಿಯಾನ ಕಂದಕದ ತಳ ಮುಟ್ಟಿ ಬಂತು. ಅದೇ ಜುಲೈನಲ್ಲಿ ವಿಲ್ಸ್‌ಡಾರ್ಫ್ ತೀರಿಕೊಂಡರು. ಚಿನ್ನದ ಸಬ್‌ಮರೀನರ್ ಬಂದದ್ದು ಆ ದಶಕದ ಕೊನೆಗೆ. ಅವರು ಅದನ್ನು ನೋಡಲೇ ಇಲ್ಲ.

ಅವರಿಗೆ ಮಕ್ಕಳಿರಲಿಲ್ಲ. 1944ರಲ್ಲಿ ಪತ್ನಿ ತೀರಿಕೊಂಡ ಮರುವರ್ಷ ತಮ್ಮ ಹೆಸರಿನ ಪ್ರತಿಷ್ಠಾನ ಸ್ಥಾಪಿಸಿ, ಕಂಪನಿಯ ತಮ್ಮ ಪಾಲನ್ನೆಲ್ಲ ಅದಕ್ಕೆ ಬಿಟ್ಟುಹೋದರು. ಅಪ್ಪನ ವ್ಯಾಪಾರ ಮಾರಿಹೋದದ್ದನ್ನು ಕಂಡಿದ್ದ ಹುಡುಗ ಕಟ್ಟಿದ ಕಂಪನಿ ಮಾತ್ರ ಯಾರಿಗೂ ಮಾರಿಹೋಗಿಲ್ಲ. ಇಂದಿಗೂ ರೋಲೆಕ್ಸಿನ ಒಡೆತನ ಜಿನೀವಾದ ಆ ಪ್ರತಿಷ್ಠಾನದ್ದೇ.