ಬಾಲನಟ ಜಾಕಿ ಕೂಗನ್: ಮಗುವಿನ ದುಡಿಮೆ ಯಾರ ಸ್ವತ್ತು?

ಲೋಕವನ್ನೇ ನಗಿಸಿ ಅಳಿಸಿ ಲಕ್ಷಾಂತರ ಡಾಲರುಗಳನ್ನು ಸಂಪಾದಿಸಿದ ಬಾಲಕನೊಬ್ಬನು, ಪ್ರಾಯಕ್ಕೆ ಬಂದ ಮೇಲೆ ಆ ಗಳಿಕೆಗಾಗಿ ಹೆತ್ತ ತಾಯಿಯ ಮೇಲೆಯೇ ವ್ಯಾಜ್ಯ ಹೂಡಬೇಕಾಯಿತು. ಅಮೇರಿಕೆಯ ನಟ ಜಾಕಿ ಕೂಗನ್ನನ ಜೀವಿತದ ಸಾರವಿದು. ಮಕ್ಕಳ ಆಟಪಾಟಗಳನ್ನು ಮನೆಯಲ್ಲಿಯೇ ಚಿತ್ರಿಸಿ, ಅಂತರ್ಜಾಲದಲ್ಲಿ ಪ್ರದರ್ಶಿಸಿ, ತಂದೆತಾಯಿಗಳು ಹಣ ಗಳಿಸುತ್ತಿರುವ ಈ ಕಾಲದಲ್ಲಿ ಆ ಜೀವಿತವನ್ನು ಸ್ಮರಿಸುವುದು ಅವಶ್ಯವಾಗಿದೆ.

ಕೂಗನ್ನನು ೧೯೧೪ನೆಯ ಇಸವಿ ಅಕ್ಟೋಬರ್ ೨೬ರಂದು ಲಾಸ್ ಏಂಜಲೀಸ್ ನಗರದಲ್ಲಿ ಜನಿಸಿದನು. ಅವನ ತಂದೆತಾಯಿಗಳು ರಂಗಭೂಮಿಯನ್ನು ಆಶ್ರಯಿಸಿ ಬಾಳಿದವರು. ಎಳೆಯ ವಯಸ್ಸಿನಲ್ಲಿಯೇ ರಂಗವನ್ನೇರಿದ ಈ ಹುಡುಗನನ್ನು ಕಂಡು ಮೆಚ್ಚಿದ ಚಾರ್ಲಿ ಚಾಪ್ಲಿನ್ನನು, ೧೯೨೧ರಲ್ಲಿ ತೆರೆಕಂಡ 'ದಿ ಕಿಡ್' ಎಂಬ ಮೂಕಚಿತ್ರದಲ್ಲಿ ತನ್ನ ಜೊತೆಗೆ ಅನಾಥ ಬಾಲಕನ ಪಾತ್ರವನ್ನು ಕೊಟ್ಟನು. ಅಲ್ಲಿಂದಾಚೆಗೆ ಅವನ ಕೀರ್ತಿಗೆ ಎಲ್ಲೆಯಿಲ್ಲದಾಯಿತು. ೧೯೨೪ರಲ್ಲಿ ಅವನು ಪಶ್ಚಿಮ ಏಷ್ಯದ ಅನಾಥ ಮಕ್ಕಳ ನೆರವಿಗಾಗಿ ಅಮೇರಿಕ ಯೂರೋಪುಗಳಲ್ಲಿ ಸಂಚರಿಸಿದನು. ಪರರ ಮಕ್ಕಳಿಗಾಗಿ ಕೈಯೊಡ್ಡಿದ ಆ ಮಗುವಿನ ಸ್ವಂತ ಧನಕ್ಕೆ ಮಾತ್ರ ರಕ್ಷಣೆಯಿರಲಿಲ್ಲ.

೧೯೩೫ರಲ್ಲಿ ಮೋಟಾರು ಅಪಘಾತವೊಂದರಲ್ಲಿ ತಂದೆ ಮೃತನಾದನು. ಆ ವಾಹನದಲ್ಲಿದ್ದವರ ಪೈಕಿ ಕೂಗನ್ನನೊಬ್ಬನೇ ಉಳಿದನು. ಅದೇ ವರ್ಷ ಅವನಿಗೆ ಇಪ್ಪತ್ತೊಂದು ತುಂಬಿತು. ಬಾಲ್ಯದಲ್ಲಿ ಅವನು ಗಳಿಸಿದ್ದು ಮೂವತ್ತು ನಲವತ್ತು ಲಕ್ಷ ಡಾಲರುಗಳೆಂದು ಅಂದಾಜು. ಆದರೆ ತಾಯಿಯೂ, ಆಕೆ ಮರುಮದುವೆಯಾದ ವ್ಯವಹಾರಕರ್ತನೂ ಅದನ್ನು ಬಿಟ್ಟುಕೊಡಲೊಪ್ಪಲಿಲ್ಲ. ಅಪ್ರಾಪ್ತವಯಸ್ಕನ ಗಳಿಕೆ ತಂದೆತಾಯಿಗಳದೆಂಬುದೇ ಆಗಿನ ಕ್ಯಾಲಿಫೋರ್ನಿಯ ಸಂಸ್ಥಾನದ ಕಾನೂನು. ೧೯೩೮ರಲ್ಲಿ ಅವನು ನ್ಯಾಯಸ್ಥಾನದ ಮೊರೆಹೊಕ್ಕಾಗ ಉಳಿದಿದ್ದುದು ಸುಮಾರು ಎರಡೂವರೆ ಲಕ್ಷ. ಅವನ ಕೈಸೇರಿದ್ದು ಸುಮಾರು ೧,೨೬,೦೦೦ ಡಾಲರು ಮಾತ್ರ.

ಈ ಅನ್ಯಾಯದಿಂದ ಜನಾಭಿಪ್ರಾಯವು ಕೆರಳಿ, ೧೯೩೯ರಲ್ಲಿ ಕೂಗನ್ ಕಾಯಿದೆಯೆಂದು ಪ್ರಸಿದ್ಧವಾದ ಶಾಸನವು ಜಾರಿಗೆ ಬಂದಿತು. ಬಾಲನಟರ ಸಂಪಾದನೆಯಲ್ಲೊಂದು ಪಾಲನ್ನು ಅವರಿಗಾಗಿಯೇ ಕಾದಿಡುವುದು ಅದರ ಉದ್ದೇಶ. ಅದರಲ್ಲಿಯೂ ನುಸುಳುವ ದಾರಿಗಳಿದ್ದವು. ದುಡಿಮೆಯೆಲ್ಲ ಮಗುವಿನ ಸ್ವತ್ತೇ, ಅದರಲ್ಲಿ ಶೇಕಡಾ ೧೫ ಭಾಗವನ್ನು ಠೇವಣಿಯಿಡತಕ್ಕದ್ದು ಎಂಬ ತಿದ್ದುಪಡಿಯು ೨೦೦೦ದಲ್ಲಿ ಜಾರಿಗೆ ಬಂದಿತು.

ಕೂಗನ್ನನು ಎದೆಗುಂದಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯವನ್ನು ಸೇರಿ, ೧೯೪೪ರಲ್ಲಿ ಭಾರತದ ನೆಲದಿಂದ ಬರ್ಮಾ ದೇಶದ ಕಾಡುಗಳಿಗೆ ಎಂಜಿನಿಲ್ಲದ ಗ್ಲೈಡರ್ ವಿಮಾನದಲ್ಲಿ ಯೋಧರನ್ನು ರಾತ್ರಿಯಲ್ಲಿ ಒಯ್ದಿಳಿಸಿದನು. ಮುಂದೆ ದೂರದರ್ಶನದಲ್ಲಿ ಹಾಸ್ಯಪಾತ್ರಗಳಿಂದ ಮತ್ತೆ ಜನಪ್ರಿಯನಾಗಿ, ೧೯೮೪ನೆಯ ಮಾರ್ಚ್ ೧ರಂದು ತೀರಿಕೊಂಡನು.

ಅವನನ್ನು ದುಡಿಸಿದವರು ಚಿತ್ರ ತಯಾರಕರು. ಲೆಕ್ಕ ಕೇಳಲು ಒಪ್ಪಂದಪತ್ರಗಳಾದರೂ ಇದ್ದವು. ಇಂದಿನ ಮನೆಚಿತ್ರಗಳಲ್ಲಿ ತಂದೆತಾಯಿಯೇ ಪೋಷಕರು, ಅವರೇ ತಯಾರಕರು, ಅವರೇ ಖಜಾನೆಯವರು. ಹೀಗಿರುವಲ್ಲಿ ಮಗುವಿನ ಪರವಾಗಿ ಮಾತನಾಡುವವರಾರು? ಈ ಪ್ರಶ್ನೆಗೆ ಮೊದಲು ಉತ್ತರವಿತ್ತ ದೇಶಗಳಲ್ಲಿ ಫ್ರಾನ್ಸ್ ಒಂದು. ಅದರ ೨೦೨೦ರ ಶಾಸನವು ಹದಿನಾರರೊಳಗಿನ ಮಕ್ಕಳ ಹಣವನ್ನು ಠೇವಣಿಯಿಡಿಸಿತು. ತನ್ನ ಚಿತ್ರಗಳನ್ನು ಅಳಿಸಿಹಾಕಿಸುವ ಹಕ್ಕನ್ನೂ ಮಗುವಿಗೆ ಕೊಟ್ಟಿತು. ಅಮೇರಿಕೆಯ ಇಲಿನಾಯ್ ಸಂಸ್ಥಾನವು ೨೦೨೪ರಲ್ಲಿಯೂ, ಕ್ಯಾಲಿಫೋರ್ನಿಯವು ೨೦೨೫ರಲ್ಲಿಯೂ ಇಂತಹ ಮಕ್ಕಳ ಪಾಲಿಗೆ ಶಾಸನರಕ್ಷೆಯನ್ನಿತ್ತವು.

ನಮ್ಮ ದೇಶದಲ್ಲಿ ೨೦೧೭ರ ಬಾಲಕಾರ್ಮಿಕ ನಿಯಮಗಳು ಬಾಲಕಲಾವಿದರ ಕೆಲಸವನ್ನು ದಿನಕ್ಕೆ ಐದು ಗಂಟೆಗೆ ಮಿತಗೊಳಿಸಿ, ಗಳಿಕೆಯ ಶೇಕಡಾ ೨೦ಕ್ಕೆ ಕಡಿಮೆಯಿಲ್ಲದಷ್ಟನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿಡಬೇಕೆಂದೂ, ತಯಾರಕನು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿಯನ್ನು ಪಡೆಯಬೇಕೆಂದೂ ವಿಧಿಸಿವೆ. ಸ್ಟುಡಿಯೋವನ್ನು ದೃಷ್ಟಿಯಲ್ಲಿಟ್ಟುಕೊಂಡ ಈ ಕ್ರಮವನ್ನು ಮನೆಯ ಪಡಸಾಲೆಗೂ ಸ್ಪಷ್ಟವಾದ ಶಾಸನದಿಂದ ವಿಸ್ತರಿಸಬೇಕೆಂಬುದು ನಮ್ಮ ಅಭಿಮತ. ತಂದೆತಾಯಿಗಳ ವಾತ್ಸಲ್ಯವನ್ನು ನಾವು ಶಂಕಿಸುವುದಿಲ್ಲ. ಆದರೆ ವಾತ್ಸಲ್ಯವೂ ವ್ಯಾಪಾರವೂ ಒಂದೇ ಕೈಯಲ್ಲಿರುವಾಗ ಮಗುವಿನ ಗಂಟಿಗೆ ಕಾವಲು ಬೇಕು. ಕೂಗನ್ನನ ಕಾಯಿದೆಯು ಅವನ ಕಳೆದ ಧನವನ್ನು ತಂದುಕೊಡಲಿಲ್ಲ. ನಮ್ಮ ಮಕ್ಕಳ ವಿಷಯದಲ್ಲಾದರೂ ನಷ್ಟಕ್ಕೆ ಮೊದಲೇ ಶಾಸನವು ಬರಲಿ.