6000 ಯೆನ್ ಕ್ಯಾಮೆರಾದ ಮೈತಾನಿ

ನಮ್ಮ ಕ್ಯಾಂಪಸ್ಸಿನಲ್ಲಿ ಫೋಟೋ ಹುಚ್ಚು ಇರೋರಿಗೆ ಬರವಿಲ್ಲ. ಆದ್ರೆ ಯೋಶಿಹಿಸ ಮೈತಾನಿ ಅಂದ್ರೆ ತುಂಬಾ ಜನ ಯಾರಪ್ಪಾ ಅದು ಅಂತಾರೆ. ಫಿಲಂ ಕ್ಯಾಮೆರಾ ಪ್ರಪಂಚದಲ್ಲಿ ಅವರದು ದೊಡ್ಡ ಹೆಸರು. ಓದಿದ್ದು ಮಾತ್ರ ನಮ್ಮ ಮೆಕ್ಯಾನಿಕಲ್ ಬ್ರಾಂಚೇ!

ಹುಟ್ಟಿದ್ದು 1933ರಲ್ಲಿ, ಜಪಾನಿನ ಕಗಾವಾ ಪ್ರಾಂತ್ಯದಲ್ಲಿ. ವಾಸೆಡಾ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಕೈಯಲ್ಲಿ ಲೈಕಾ ಕ್ಯಾಮೆರಾ, ಹೆಸರಲ್ಲಿ ಪೇಟೆಂಟ್. (ನಮಗಿಲ್ಲಿ ಮಿನಿ ಪ್ರಾಜೆಕ್ಟ್ ರಿಪೋರ್ಟೇ ಮುಗಿಯಲ್ಲ.) 1956ರಲ್ಲಿ ಒಲಿಂಪಸ್ ಕಂಪನಿ ಸೇರಿದರು.

ಆಗ ಒಳ್ಳೆ ಕ್ಯಾಮೆರಾ ಸಾಮಾನ್ಯ ಜನರ ಕೈಗೆ ಎಟುಕುತ್ತಿರಲಿಲ್ಲ. 6000 ಯೆನ್‌ಗೆ ಮಾರುವಂಥದ್ದನ್ನು ಮಾಡ್ತೀನಿ ಅಂತ ಮೈತಾನಿ ಹೊರಟರು. ನಾವಾಗಿದ್ರೆ ಮೊದಲು ಲೆನ್ಸಿನಲ್ಲೇ ಕಾಸು ಉಳಿಸ್ತಿದ್ವಿ. ಲೈಕಾ ಬಳಸಿದ ಅವರಿಗೆ ಅದು ಒಪ್ಪಲಿಲ್ಲ. ಲೆನ್ಸ್ ಮೊದಲು ಮಾಡಿಸಿದರು, ಬಜೆಟ್ಟಿನ ದೊಡ್ಡ ಪಾಲು ಅದಕ್ಕೇ ಹೋಯ್ತು. ಇನ್ನುಳಿದ ಚಿಲ್ಲರೆಯಲ್ಲಿ ಕ್ಯಾಮೆರಾ ಕಟ್ಟಬೇಕು! ಫಿಲಂ ಸುತ್ತೋ ಲಿವರ್ ಹಾಕಿದ್ರೆ ಗೇರ್‌ಗಳ ಖರ್ಚು. ಲಿವರ್ ಬಿಟ್ಟು, ಹಿಂಬದಿಯಲ್ಲಿ ಹೆಬ್ಬೆರಳಿಂದ ತಿರುಗಿಸೋ ಚಕ್ರ ಇಟ್ಟರು. ಒಂದು ಫ್ರೇಮಿನ ಜಾಗದಲ್ಲಿ ಎರಡು ಫೋಟೋ ಬರೋ ಹಾಫ್ ಫ್ರೇಮ್ ಆದ್ದರಿಂದ ಕ್ಯಾಮೆರಾ ಜೇಬಿಗೆ ಹಿಡಿಸ್ತು, 36ರ ರೋಲ್‌ನಲ್ಲಿ 72 ಫೋಟೋ ಸಿಕ್ತು. ಅಂದ್ರೆ ಫಿಲಂ ಖರ್ಚೂ ಅರ್ಧ.

ಇಷ್ಟೆಲ್ಲಾ ಮಾಡಿದ ಮೇಲೆ ಕಂಪನಿಯ ಕಾರ್ಖಾನೆಯವರೇ, ಇದು ಆಟಿಕೆ, ನಾವು ತಯಾರಿಸಲ್ಲ ಅಂದುಬಿಟ್ಟರು. ಆಗಿನ್ನೂ ಮೈತಾನಿಗೆ ಮೂವತ್ತೂ ಆಗಿರಲಿಲ್ಲ. ಕೊನೆಗೆ ಹೊರಗಿನವರಿಂದ ಮಾಡಿಸಬೇಕಾಯ್ತು. 1959ರಲ್ಲಿ ಒಲಿಂಪಸ್ ಪೆನ್ ಅಂಗಡಿಗೆ ಬಂತು. ಪೆನ್ನಿನ ಹಾಗೆ ಜೇಬಲ್ಲಿ ಇಟ್ಕೊಂಡು ಓಡಾಡಬಹುದು ಅಂತ ಆ ಹೆಸರು. ಈ ಸಾಲಿನ ಕ್ಯಾಮೆರಾಗಳು ಮುಂದೆ ಒಂದು ಕೋಟಿಗೂ ಹೆಚ್ಚು ಮಾರಾಟವಾದವು.

ನಮಗೆ ಹೆಚ್ಚು ಇಷ್ಟ ಆಗೋದು 1961ರ ಪೆನ್ ಇಇ. ಲೆನ್ಸ್ ಸುತ್ತ ಸೆಲೆನಿಯಂ ಸೆಲ್, ಬ್ಯಾಟರಿ ಬೇಡ. ಫೋಕಸ್ ಮಾಡೋದೂ ಇಲ್ಲ, ಬಟನ್ ಒತ್ತಿದ್ರೆ ಆಯ್ತು. ಬೆಳಕು ಕಮ್ಮಿ ಇದ್ರೆ ವ್ಯೂಫೈಂಡರಲ್ಲಿ ಕೆಂಪು ಬಾವುಟ ಎದ್ದು, ಶಟರ್ ಬೀಳೋದೇ ಇಲ್ಲ. ಕ್ಯಾಮೆರಾ ಮುಟ್ಟೋಕೆ ಹೆದರುತ್ತಿದ್ದವರೂ ಧೈರ್ಯವಾಗಿ ಫೋಟೋ ತೆಗೀಬಹುದಿತ್ತು.

ಆಮೇಲೆ ಪೆನ್ ಎಫ್, ಓಎಂ-1, ಎಕ್ಸ್‌ಎ ಎಲ್ಲಾ ಬಂದವು. ಅವುಗಳ ಬಗ್ಗೆ ಬೇರೆ ಲೇಖನವೇ ಬೇಕು. ಮೈತಾನಿ ತೀರಿಕೊಂಡಿದ್ದು 2009ರ ಜುಲೈ 30ರಂದು, 76ನೇ ವಯಸ್ಸಿನಲ್ಲಿ. ನಾವಾಗ ಇನ್ನೂ ಅಕ್ಷರ ಕಲಿಯದ ಮಕ್ಕಳು. ಅದೇ ಬೇಸಿಗೆಯಲ್ಲಿ ಒಲಿಂಪಸ್ ಹೊಸ ಡಿಜಿಟಲ್ ಕ್ಯಾಮೆರಾ ಬಿಟ್ಟಿತ್ತು. ಅದಕ್ಕೂ ಪೆನ್ ಅಂತಲೇ ಹೆಸರಿಟ್ಟಿದ್ದರು.